ಬರಿಗಾಲಲ್ಲಿ ಆಡಿದ ಅಹ್ಮದ್ ಖಾನ್

ಇಪ್ಪತ್ತನೇ ಶತಮಾನ ಶುರುವಾಗುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಸಂಬಳದ ಕೆಲಸವಾಗಿತ್ತು. ಆದರೆ 1901ರಿಂದ ಆಟಗಾರನಿಗೆ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ಕ್ಲಬ್ಬಿನವರು ಬಿಟ್ಟುಕೊಡದೆ ಅವನು ಬೇರೆ ಕಡೆ ಹೋಗುವಂತೆಯೂ ಇರಲಿಲ್ಲ. 1905ರಲ್ಲಿ ಆಲ್ಫ್ ಕಾಮನ್ ಎಂಬ ಆಟಗಾರನನ್ನು ಮಿಡಲ್ಸ್‌ಬರೋ ಕ್ಲಬ್ಬು 1000 ಪೌಂಡಿಗೆ ಕೊಂಡಿತು. ಅಷ್ಟೂ ಹಣ ಸೇರಿದ್ದು ಅವನ ಹಳೆಯ ಕ್ಲಬ್ಬಿಗೆ.

ಅದೇ ಆಟ ಬ್ರಿಟಿಷ್ ಸೈನಿಕರ ಜೊತೆ ಬೆಂಗಳೂರಿನ ದಂಡು ಪ್ರದೇಶಕ್ಕೂ ಬಂತು. ನೋಡನೋಡುತ್ತ ನಮ್ಮ ಹುಡುಗರು ಅದನ್ನು ಚೆನ್ನಾಗಿ ಕಲಿತರು. ಮುಂಬಯಿಯ ರೋವರ್ಸ್ ಕಪ್ 1891ರಿಂದ ಬ್ರಿಟಿಷ್ ತಂಡಗಳ ಕೈಯಲ್ಲೇ ಇತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು.

ಇಂಥ ಊರಿನಲ್ಲಿ 1926ರಲ್ಲಿ ಹುಟ್ಟಿದವರು ಅಹ್ಮದ್ ಖಾನ್. ಎದುರಾಳಿಗಳ ನಡುವೆ ಚೆಂಡನ್ನು ಕಾಲಿಗಂಟಿಸಿಕೊಂಡು ಸಾಗುವ ಅವರ ಚಳಕ ಕಂಡವರು ಅವರನ್ನು ಹಾವಾಡಿಗ ಎಂದೇ ಕರೆದರು.

1948ರ ಜುಲೈ 31ರಂದು ಲಂಡನ್ ಬಳಿಯ ಇಲ್ಫರ್ಡ್‌ನಲ್ಲಿ ಸ್ವತಂತ್ರ ಭಾರತ ತನ್ನ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯ ಆಡಿತು. ಎದುರಿಗೆ ಫ್ರಾನ್ಸ್. ಅಹ್ಮದ್ ಸೇರಿ ನಮ್ಮ ಹನ್ನೊಂದು ಜನರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಇಳಿದರು. ಅದನ್ನು ಬಡತನ ಎಂದು ತಿಳಿಯುವವರಿದ್ದಾರೆ, ಅದು ಸರಿಯಲ್ಲ. ಬೂಟು ಹಾಕಿದರೆ ಚೆಂಡಿನ ಹದ ಕಾಲಿಗೆ ತಿಳಿಯುವುದಿಲ್ಲ ಎಂಬುದು ಅವರ ಲೆಕ್ಕ. ಫ್ರಾನ್ಸ್ ಮೊದಲ ಗೋಲು ಹೊಡೆದ ಮೇಲೆ ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್ ಸಮ ಮಾಡಿದರು. ನಮಗೆ ಸಿಕ್ಕ ಎರಡು ಪೆನಾಲ್ಟಿ ಕೈತಪ್ಪಿದವು. ಕೊನೆ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ಆ ಎರಡರಲ್ಲಿ ಒಂದು ಪೆನಾಲ್ಟಿ ಒಳಗೆ ಹೋಗಿದ್ದರೂ ಇವತ್ತು ಈ ಪಂದ್ಯದ ಕಥೆಯೇ ಬೇರೆಯಾಗಿರುತ್ತಿತ್ತು!

ಮರುವರ್ಷ ಅಹ್ಮದ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬು ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಮತ್ತು ಅಹ್ಮದ್: ಈ ಐವರನ್ನು ಅಲ್ಲಿನ ಅಭಿಮಾನಿಗಳು ಪಂಚಪಾಂಡವರು ಎಂದರು. 1949ರಿಂದ ಸತತ ಮೂರು ವರ್ಷ ಕಲ್ಕತ್ತೆಯ ಐಎಫ್ಎ ಶೀಲ್ಡ್ ಪಂದ್ಯಾವಳಿಯ ಗೆಲುವು ಆ ತಂಡದ್ದೇ. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಅವರಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮಾತ್ರ ಯುಗೊಸ್ಲಾವಿಯಾ ನಮ್ಮನ್ನು 10–1ರಿಂದ ನೆಲಕಚ್ಚಿಸಿತು. ನಮ್ಮ ಆ ಒಂದು ಗೋಲು ಅಹ್ಮದ್ ಅವರದು. ಅದಾದ ಮೇಲೆ ಭಾರತ ತಂಡ ಬೂಟಿಲ್ಲದೆ ಮೈದಾನಕ್ಕಿಳಿಯುವ ಕಾಲ ಮುಗಿಯಿತು.

ಇಂಗ್ಲೆಂಡಿನ ಆಟಗಾರನಿಗೆ ಸಂಬಳಕ್ಕಾದರೂ ಒಂದು ಕರಾರು ಇತ್ತು. ನಮ್ಮವರು ಆಡುತ್ತಿದ್ದುದು ಹವ್ಯಾಸಿಗಳೆಂಬ ಹೆಸರಿನಲ್ಲಿ. ಕಲ್ಕತ್ತೆಯ ಮೈದಾನದಲ್ಲಿ ಹತ್ತು ವರ್ಷ ಮಿಂಚಿದ ಅಹ್ಮದ್ ಖಾನ್ 2017ರ ಆಗಸ್ಟ್‌ನಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ಕಾಲದ ಆಟ ಕಂಡವರು ನಿಮ್ಮ ಕೇರಿಯಲ್ಲಿ ಇನ್ನೂ ಇದ್ದರೆ, ಅವರ ಬಳಿ ಕೂತು ಕೇಳಿ, ಬರೆದಿಡಿ.