ಒಡೆಯದ ಸಂಖ್ಯೆಗಳು: ಅಕಿವಾಟದಲ್ಲೊಂದು ಗಣಿತ ಪಾಠ

ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ, ಕೃಷ್ಣಾ ನದಿಯ ಆಸುಪಾಸಿನಲ್ಲಿ ಅಕಿವಾಟ ಎಂಬ ಊರಿದೆ. ಕಬ್ಬಿನ ಸೀಮೆ. ಗಡಿ ದಾಟಿದರೆ ನಮ್ಮ ಬೆಳಗಾವಿ ಜಿಲ್ಲೆ. ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಎರಡೂ ಭಾಷೆ, ಶಾಲೆಯಲ್ಲಿ ಮರಾಠಿ. ಆ ಕಡೆಯ ಅನೇಕ ಕುಟುಂಬಗಳ ಬಾಳು ಹೀಗೆ. ಕಾಸರಗೋಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಾಠಿ ಎಂದಿರುವಲ್ಲಿ ಮಲಯಾಳ ಎಂದು ಓದಿಕೊಂಡರಾಯಿತು.

ಹಳೆಯ ಸ್ನೇಹಿತರೊಬ್ಬರ ಮನೆಗೆಂದು ಅಲ್ಲಿಗೆ ಹೋಗಿದ್ದೆ. ಕನ್ನಡ ಮಾಧ್ಯಮದಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ಇದು ತಿಳಿದ ಕೂಡಲೇ ಅವರ ಮೊಮ್ಮಗಳನ್ನು ಪುಸ್ತಕ ಸಮೇತ ನನ್ನ ಮುಂದೆ ಕೂರಿಸಿದರು. ಆರನೇ ತರಗತಿಯ ಹುಡುಗಿ. "ಗಣಿತದಾಗ ಭಾಳ ಹಿಂದ ಅದಾಳ್ರಿ" ಎಂದು ತಾಯಿಯ ದೂರು. ಪುಸ್ತಕ ತೆರೆದರೆ ಅವಿಭಾಜ್ಯ ಅಪವರ್ತನಗಳ ಪಾಠ.

ನನಗೆ ನಗು ಬಂತು. ಕಲಿಸುತ್ತಿದ್ದ ಅಷ್ಟೂ ವರ್ಷ ನನ್ನ ಮಕ್ಕಳು ಮುಗ್ಗರಿಸುತ್ತಿದ್ದುದು ಇದೇ ಮೆಟ್ಟಿಲಲ್ಲಿ. ಲೆಕ್ಕ ಕಷ್ಟವೆಂದಲ್ಲ. ಮಗ್ಗಿ ಬಲ್ಲ ಮಗುವಿಗೆ ಇದು ಆಟ. ಆದರೆ ಬಾಗಿಲಲ್ಲೇ 'ಅವಿಭಾಜ್ಯ', 'ಅಪವರ್ತನ', 'ಅಪವರ್ತ್ಯ' ಎಂಬ ಮೂರು ಕಾವಲುಗಾರರು ನಿಂತಿರುತ್ತಾರೆ. ಇವರನ್ನು ಕಂಡು ಹಿಂದೆ ಸರಿದ ಮಗುವನ್ನು ನಾವು ಗಣಿತದಲ್ಲಿ ದಡ್ಡ ಎಂದು ಬರೆದುಬಿಡುತ್ತೇವೆ. ಮಾತು ತಿಳಿಯದಿರುವುದು ಬೇರೆ, ಲೆಕ್ಕ ತಿಳಿಯದಿರುವುದು ಬೇರೆ. ಕನ್ನಡ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದರೆ ಈ ಎರಡರ ಅಂತರ ಕಾಣಿಸುವುದೇ ಇಲ್ಲ. ಅಂಥ ನೇಮಕಗಳ ವಿರುದ್ಧ ನಮ್ಮ ಜಿಲ್ಲೆಯ ಹೆತ್ತವರೂ ಮಕ್ಕಳೂ ಧ್ವನಿ ಎತ್ತಿದ ಸಂಗತಿ ಓದುಗರಿಗೆ ಹೊಸದಲ್ಲ.

ಪುಸ್ತಕ ಬದಿಗಿಡಿಸಿದೆ. ಮೊರದಲ್ಲಿ ಶೇಂಗಾ ಇತ್ತು, ಅಂದರೆ ನಮ್ಮ ನೆಲಗಡಲೆ. "ಹನ್ನೆರಡು ಕಾಯಿ ತೆಗೆದುಕೋ, ಸಾಲು ಸಾಲಾಗಿ ಜೋಡಿಸು, ಯಾವ ಸಾಲಿನಲ್ಲೂ ಹೆಚ್ಚುಕಡಿಮೆ ಆಗಬಾರದು" ಎಂದೆ. ಮೂರರ ನಾಲ್ಕು ಸಾಲು ಮಾಡಿದಳು. ಕೆಡಿಸಿ ಆರರ ಎರಡು ಸಾಲು ಮಾಡಿದಳು. ಇನ್ನೊಂದು ಕಾಯಿ ಸೇರಿಸಿ, ಈಗ ಮಾಡು ಎಂದೆ. ಹದಿಮೂರು ಕಾಯಿಗಳೊಡನೆ ಐದು ನಿಮಿಷ ಗುದ್ದಾಡಿದಳು. ಕೊನೆಗೆ ಎಲ್ಲವನ್ನೂ ಉದ್ದಕ್ಕೆ ಒಂದೇ ಸಾಲಿನಲ್ಲಿಟ್ಟು, "ಅಜ್ಜಾ, ಇದು ಒಡಿಯಾಂಗಿಲ್ಲ" ಎಂದಳು.

ಒಡೆಯುವುದಿಲ್ಲ! ಅವಿಭಾಜ್ಯ ಎಂಬುದರ ಅರ್ಥ ಅಷ್ಟೇ. ಅವಳು ತಾನೇ ಕಂಡ ಮೇಲೆ ಆ ಹೆಸರು ಹೇಳಿದೆ. ಅದಕ್ಕವಳು, "ನಮ್ಮ ಪುಸ್ತಕದಾಗ ಇದಕ್ಕ ಮೂಳ ಸಂಖ್ಯಾ ಅಂತಾರ" ಎಂದಳು. ಮರಾಠಿಯ ಮೂಳ ಎಂದರೆ ನಮ್ಮ ಮೂಲ. ನನ್ನ ಕಿವಿಗೆ ಅದು ಮೂಳೆ ಎಂದು ಕೇಳಿಸಿತೆನ್ನಿ. ಅದೂ ತೀರ ತಪ್ಪಲ್ಲ, ಸಂಖ್ಯೆಗಳ ಎಲುಬುಗಳೇ ಅವು.

ಇಲ್ಲಿ ನಾನೂ ಒಂದು ಪಾಠ ಕಲಿತೆ. ಕನ್ನಡದ ಅವಿಭಾಜ್ಯ, ಮಲಯಾಳದ ಅಭಾಜ್ಯ, ಇವೆರಡೂ ಹೇಳುವುದು ಸಂಖ್ಯೆ ಒಡೆಯದು ಎಂದು. ಮರಾಠಿಯ ಮಾತು ಹೇಳುವುದು ಅದರಿಂದಲೇ ಉಳಿದವು ಹುಟ್ಟಿವೆ ಎಂದು. ಒಂದೇ ಸಂಗತಿಯ ಎರಡು ಮುಖಗಳು. ಎರಡನ್ನೂ ಬಲ್ಲ ಗಡಿಯ ಮಗುವಿಗೆ ನಷ್ಟವಿಲ್ಲ, ಲಾಭವೇ ಇದೆ. ಆದರೆ ಒಂದನ್ನಾದರೂ ಮನೆಮಾತಿನಲ್ಲಿ ಯಾರಾದರೂ ಬಿಡಿಸಿ ಹೇಳಿರಬೇಕು. ನಮ್ಮ ಮಕ್ಕಳು ಮ.ಸಾ.ಅ., ಲ.ಸಾ.ಅ. ಎಂದು ಕಲಿತು, ಮುಂದೊಂದು ದಿನ ಉಸಾಘ, ಲಸಾಗು ಎಂದು ಕೇಳಿ ದಿಕ್ಕೆಡುವುದುಂಟು. ಅಕಿವಾಟದಲ್ಲಿ ಅದು ಮಸಾವಿ, ಲಸಾವಿ. ಹೆಸರು ನಾಲ್ಕಾದರೂ ಲೆಕ್ಕ ಒಂದೇ ಎಂದು ಹೆತ್ತವರು ಒಮ್ಮೆ ಹೇಳಿದರೆ ಸಾಕು, ಅರ್ಧ ಭಯ ಇಳಿಯುತ್ತದೆ.

ಮರುದಿನ ಬೆಳಿಗ್ಗೆ ಹತ್ತಿರದ ಖಿದ್ರಾಪುರಕ್ಕೆ ಹೋದೆವು. ಕೃಷ್ಣೆಯ ದಡದ ಕೋಪೇಶ್ವರ ದೇವಾಲಯ ಶಿಲಾಹಾರರ ಕಾಲದ್ದು. ಹಳಗನ್ನಡದ ಶಾಸನಗಳು ಅಲ್ಲಿವೆ. ಎದುರಿನ ಸ್ವರ್ಗಮಂಟಪಕ್ಕೆ ನಡುವೆ ಮಾಡಿಲ್ಲ, ಆಕಾಶವೇ ಮಾಡು. ಅದರ ಕಂಬಗಳು 48. ಹುಡುಗಿ 48ನ್ನು 6 ಮತ್ತು 8 ಎಂದು ಒಡೆದಳು. ಜೊತೆಗೆ ಬಂದಿದ್ದ ಅವಳ ಅಣ್ಣ 4 ಮತ್ತು 12 ಎಂದ. ಯಾರದು ಸರಿ ಎಂದು ಜಗಳ. ಇಬ್ಬರೂ ಮುಂದುವರಿಸಿ ಎಂದೆ. ಒಡೆಯದ ಸಂಖ್ಯೆಗಳಿಗೆ ಬಂದು ನಿಂತಾಗ ಇಬ್ಬರ ಕೈಯಲ್ಲೂ ನಾಲ್ಕು ಎರಡುಗಳು, ಒಂದು ಮೂರು: 2×2×2×2×3. ದಾರಿ ಬೇರೆ, ಊರು ಒಂದೇ. ಪಾಠದ ಜೀವವೇ ಇದು. ಆದರೆ ತರಗತಿಯಲ್ಲಿ ನಾವು ಒಂದೇ ವಿಧಾನವನ್ನು ಕರಿಹಲಗೆಯಲ್ಲಿ ಬರೆದು ಮುಗಿಸುವುದರಿಂದ ಈ ಅಚ್ಚರಿ ಮಕ್ಕಳ ಕಣ್ಣಿಗೆ ಬೀಳುವುದೇ ಇಲ್ಲ.

ಒಂದು ಎಂಬುದನ್ನು ಅವಿಭಾಜ್ಯವೆಂದು ಯಾಕೆ ಲೆಕ್ಕಿಸುವುದಿಲ್ಲ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಸೇರಿಸಿಕೊಂಡರೆ ಒಬ್ಬ ಹುಡುಗ ಕೊನೆಯಲ್ಲಿ ಒಂದು 1 ಬರೆದಾನು, ಇನ್ನೊಬ್ಬ ಹತ್ತು ಬರೆದಾನು. ಉತ್ತರ ಒಂದೇ ಎಂಬ ಮಾತು ಉಳಿಯದು. ಈ ಗೊಂದಲ ಮಕ್ಕಳದು ಮಾತ್ರವಲ್ಲ. ಅಮೆರಿಕದ ಲೇಮರ್ 1914ರಲ್ಲಿ ಅಚ್ಚು ಹಾಕಿಸಿದ ಅವಿಭಾಜ್ಯ ಸಂಖ್ಯೆಗಳ ದೊಡ್ಡ ಪಟ್ಟಿ ಒಂದರಿಂದಲೇ ಆರಂಭವಾಗುತ್ತದೆ.

ಮಕ್ಕಳ ಇನ್ನೊಂದು ಮಾಮೂಲಿ ತಪ್ಪೆಂದರೆ 51, 57, 91 ಮುಂತಾದವನ್ನು ಒಡೆಯದವು ಎಂದು ಬಿಟ್ಟುಬಿಡುವುದು. ಅವು 3×17, 3×19, 7×13. ಮುಖ ನೋಡಿ ಮಣೆ ಹಾಕಬಾರದು, ಭಾಗಿಸಿಯೇ ನೋಡಬೇಕು. ಎಲ್ಲಿಯವರೆಗೆ? 97 ಆದರೆ 2, 3, 5, 7 ನೋಡಿದರೆ ಸಾಕು. ಮುಂದಿನದು 11, ಹನ್ನೊಂದು ಹನ್ನೊಂದ್ಲೆ 121, ಆಗಲೇ 97 ದಾಟಿತು. ಎರಡು ಅಪವರ್ತನಗಳಲ್ಲಿ ಒಂದಾದರೂ ಚಿಕ್ಕದಿರಲೇಬೇಕಲ್ಲವೇ? ಚಿಕ್ಕವೆಲ್ಲ ಸೋತ ಮೇಲೆ ದೊಡ್ಡವು ಒಂಟಿಯಾಗಿ ಬರಲಾರವು.

ಸಂಖ್ಯೆ ದೊಡ್ಡದಾದಂತೆ ಈ ಒಡೆಯುವ ಕೆಲಸ ಎಷ್ಟು ಕಠಿಣವೆಂದರೆ ಅದರಿಂದಲೇ ಜಗತ್ತು ಒಂದು ಬೀಗ ಮಾಡಿಕೊಂಡಿತು. ರಿವೆಸ್ಟ್, ಶಮೀರ್, ಏಡ್ಲ್‌ಮನ್ ಎಂಬ ಮೂವರು 1977ರಲ್ಲಿ ಒಡ್ಡಿದ 129 ಅಂಕಿಗಳ ಸಂಖ್ಯೆಯೊಂದನ್ನು ಒಡೆಯಲು 1994ರವರೆಗೆ ಕಾಯಬೇಕಾಯಿತು. ಅದೂ ನೂರಾರು ಮಂದಿ ತಮ್ಮ ಕಂಪ್ಯೂಟರುಗಳನ್ನು ಜೊತೆಗೂಡಿಸಿದ ಮೇಲೆ.

ಆದರೆ ಹೆಮ್ಮೆ ಪಡಲು ಅಷ್ಟು ದೂರ ಹೋಗಬೇಕಾಗಿಲ್ಲ. ಈ ಸೀಮೆಯನ್ನೆಲ್ಲ ಮಾನ್ಯಖೇಟದ ರಾಷ್ಟ್ರಕೂಟರು ಆಳುತ್ತಿದ್ದಾಗ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದ. ಎಂ. ರಂಗಾಚಾರ್ಯರು ಅದನ್ನು 1912ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ನಾವು ಲ.ಸಾ.ಅ. ಎನ್ನುವುದನ್ನು ಆತ ನಿರುದ್ಧ ಎನ್ನುತ್ತಾನೆ. ಭಿನ್ನರಾಶಿಗಳನ್ನು ಕೂಡಿಸುವಾಗ ಛೇದಗಳಲ್ಲಿ ಸಮಾನವಾಗಿರುವ ಅಪವರ್ತಕಗಳನ್ನು ತೆಗೆದು, ಉಳಿದ ಭಾಗಲಬ್ಧಗಳಿಂದ ಗುಣಿಸು ಎಂಬುದು ಆತನ ಸೂತ್ರದ ತಾತ್ಪರ್ಯ. ಛೇದಗಳು 24 ಮತ್ತು 36 ಎನ್ನಿ. ಸಮಾನವಾದದ್ದು 12; ಉಳಿದವು 2 ಮತ್ತು 3; 12×2×3 ಎಂದರೆ 72. ನಮ್ಮ ಪಠ್ಯದ ಅಪವರ್ತನ ಎಂಬ ಪದವೂ ಆ ಮನೆತನದ್ದೇ. ಮಗುವನ್ನು ಬೆದರಿಸುವ ಆ ಕಾವಲುಗಾರ ಸಾವಿರ ವರ್ಷ ಹಳೆಯ ನೆಂಟ!

ಆಚಾರ್ಯನಿಗೆ ವಿನೋದವೂ ಗೊತ್ತಿತ್ತು. ಗುಣಿಸಿದಾಗ ಹಾರದಂತೆ ಎರಡು ಕಡೆಯಿಂದಲೂ ಒಂದೇ ರೀತಿ ಕಾಣುವ ಸಂಖ್ಯೆಗಳನ್ನು ಆತ ಪೋಣಿಸಿಟ್ಟಿದ್ದಾನೆ. 139ನ್ನು 109ರಿಂದ ಗುಣಿಸಿದರೆ 15151. ಈ ಹಾರದ ಮಣಿಗಳೆರಡೂ ಒಡೆಯದವು. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು: 11111111.

ಆ ರಾತ್ರಿ ಊಟವಾದ ಮೇಲೆ ಹುಡುಗಿಗೆ ಈ ಎಂಟು ಒಂದುಗಳನ್ನು ಬರೆದುಕೊಟ್ಟು, ಪೂರ್ತಿ ಒಡೆ ಎಂದೆ. 1111×10001 ಎಂಬ ಮೊದಲ ಬಿರುಕು ಮಾತ್ರ ನಾನು ತೋರಿಸಿದ್ದು. 1111ನ್ನು ಅವಳು 11 ಮತ್ತು 101 ಎಂದು ಬೇಗನೆ ಒಡೆದಳು. 10001ರ ಮುಂದೆ ಬಹಳ ಹೊತ್ತು ಕುಳಿತಳು. ಆಚಾರ್ಯನ 73 ನೆನಪಾಗಿ ಭಾಗಿಸಿದಳು, 137 ಬಂತು. ಅದು ಒಡೆದೀತೇ? ಎರಡು, ಮೂರು, ಐದು, ಏಳು, ಹನ್ನೊಂದು ಎಂದು ಬೆರಳು ಮಡಚುತ್ತ ಹೋದಳು. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಹದಿಮೂರ ಹದಿಮೂರ್ಲೆ ನೂರಾ ಅರವತ್ತೊಂಬತ್ತು. ಇನ್ನ ನೋಡೂದು ಬ್ಯಾಡ ಅಜ್ಜಾ" ಎಂದು ಪಾಟಿ ನನ್ನ ಕೈಗೆ ಕೊಟ್ಟು ಮಲಗಲು ಹೋದಳು.