ತೆರೆಯ ಮೇಲಿನ ತೊಂಬತ್ತು: ಒಂದು ಯುದ್ಧದಾಟದ ಪರೀಕ್ಷೆ

ಚದುರಂಗದ ಮಣೆಯ ಮೇಲೆ ಅದೃಷ್ಟಕ್ಕೆ ಎಡೆಯಿಲ್ಲ. ಕುದುರೆಯು ಆನೆಯ ಮೇಲೆ ಬಿದ್ದಿತೆಂದರೆ ಆನೆಯ ಕಥೆ ಮುಗಿಯಿತು. ಅಲ್ಲಿ 'ಬಹುಶಃ' ಎಂಬ ಮಾತಿಲ್ಲ. ಪಗಡೆಯಲ್ಲಿ ಹಾಗಲ್ಲ. ಆಟಗಾರನು ಎಷ್ಟೇ ಜಾಣನಾಗಿರಲಿ, ದಾಳದ ಕೃಪೆಯಿಲ್ಲದೆ ಕಾಯಿ ಕದಲದು. ಈ ಎರಡು ಆಟಗಳನ್ನು ಒಂದಾಗಿ ಬೆಸೆದು, ಪ್ರತಿಯೊಂದು ಕಾಯಿಗೂ ಒಂದು ಹೆಸರು, ಒಂದು ಮುಖ, ಒಂದು ಪೂರ್ವವೃತ್ತಾಂತವನ್ನು ಕೊಟ್ಟರೆ ಹೇಗಿದ್ದೀತು? ಜಪಾನಿನ ಇಂಟೆಲಿಜೆಂಟ್ ಸಿಸ್ಟಮ್ಸ್ ಸಂಸ್ಥೆಯು ತಯಾರಿಸಿ ನಿಂಟೆಂಡೊ ಸಂಸ್ಥೆಯು 1990ರಲ್ಲಿ ಹೊರತಂದ 'ಫೈರ್ ಎಂಬ್ಲಮ್' ಎಂಬ ವಿಡಿಯೊ ಆಟದಲ್ಲಿ ಆದದ್ದು ಇದೇ. ಅದರ ಮೂಲ ಕಲ್ಪನೆ ಶೋಜೊ ಕಾಗಾ ಎಂಬುವರದು. ಅಂದಿನಿಂದ ಈ ಮಾಲೆಯಲ್ಲಿ ಹಲವು ಆಟಗಳು ಬಂದಿವೆ. ಅವುಗಳಲ್ಲಿ 2003ರಲ್ಲಿ ಪ್ರಕಟವಾದ ಏಳನೆಯದನ್ನು ನಾವು ಇಲ್ಲಿ ಪರೀಕ್ಷೆಗೆ ಎತ್ತಿಕೊಂಡಿದ್ದೇವೆ. ಅದಕ್ಕಿಂತ ಹಿಂದಿನ ಆರು ಆಟಗಳೂ ಜಪಾನಿನಲ್ಲಿಯೇ ಉಳಿದುವು. ಹೊರದೇಶಗಳ ಆಟಗಾರರಿಗೆ ಮೊದಲು ದೊರೆತುದು ಈ ಏಳನೆಯದೇ.

ಇಂತಹ ಆಟಗಳ ಗುಣದೋಷಗಳನ್ನು ಹೇಳುವವರು ಸಾಮಾನ್ಯವಾಗಿ ಚಿತ್ರ, ಕಥೆ, ಸಂಗೀತಗಳನ್ನು ಕುರಿತು ನಾಲ್ಕು ಮಾತು ಆಡಿ ಮುಗಿಸುತ್ತಾರೆ. ನಾವಾದರೋ ತೆರೆಯ ಅಂಚಿನಲ್ಲಿ ಕಾಣಿಸಿಕೊಳ್ಳುವ ಒಂದು ಸಂಖ್ಯೆಯನ್ನು ಹಿಡಿದು ನೋಡಬೇಕೆಂದಿದ್ದೇವೆ. ಆ ಸಂಖ್ಯೆಯನ್ನು ನಂಬಬಹುದೇ?

ಮೊದಲು ಆಟದ ರೀತಿಯನ್ನು ಸ್ವಲ್ಪ ತಿಳಿಯೋಣ. ರಣಭೂಮಿಯನ್ನು ಚೌಕಚೌಕವಾಗಿ ವಿಭಾಗಿಸಿದೆ. ಆಟಗಾರನು ತನ್ನ ಯೋಧರನ್ನೆಲ್ಲ ಒಬ್ಬೊಬ್ಬರನ್ನಾಗಿ ನಡೆಸಿದ ಮೇಲೆ ಎದುರಾಳಿಯ ಸರದಿ. ಎದುರಾಳಿಯ ಪಾತ್ರ ಯಂತ್ರದ್ದು. ಯೋಧರು ಕಾದಾಡಿದಷ್ಟೂ ಅನುಭವ ಗಳಿಸಿ ಬಲಿಯುತ್ತಾರೆ. ಕತ್ತಿಯು ಕೊಡಲಿಯನ್ನು, ಕೊಡಲಿಯು ಈಟಿಯನ್ನು, ಈಟಿಯು ಕತ್ತಿಯನ್ನು ಮೀರಿಸುತ್ತದೆ. ಯುದ್ಧದಲ್ಲಿ ಸತ್ತ ಯೋಧನು ಮತ್ತೆ ಬಾರನು. ಹತ್ತು ಕಾಳಗಗಳಲ್ಲಿ ಜೊತೆಗಿದ್ದು ಬೆಳೆದವನು ಹನ್ನೊಂದನೆಯದರಲ್ಲಿ ಒಂದೇ ಏಟಿಗೆ ಬಿದ್ದನೆಂದರೆ, ಮುಂದಿನ ಕಥೆಯೆಲ್ಲ ಅವನಿಲ್ಲದೆ ಸಾಗಬೇಕು. ಈ ಕಠಿಣ ನಿಯಮದಿಂದಲೇ ತೆರೆಯ ಮೇಲಿನ ಆ ಸಂಖ್ಯೆಗೆ ಅಷ್ಟು ತೂಕ ಬಂದಿದೆ.

ಚಿತ್ರಗಳ ವಿಷಯವನ್ನೂ ಹೇಳಿಬಿಡೋಣ. ಈ ಆಟವು ಗೇಮ್ ಬಾಯ್ ಅಡ್ವಾನ್ಸ್ ಎಂಬ ಅಂಗೈಯಗಲದ ಯಂತ್ರಕ್ಕಾಗಿ ರಚಿತವಾದುದು. ಅದರ ತೆರೆಯಲ್ಲಿ ಅಡ್ಡಲಾಗಿ 240, ಉದ್ದಕ್ಕೆ 160 ಚುಕ್ಕೆಗಳು ಮಾತ್ರ ಉಂಟು. ಒಂದು ಚೌಕಕ್ಕೆ 16 ಚುಕ್ಕೆಯಂತೆ ಒಮ್ಮೆಗೆ ಕಾಣುವುದು 15 ಮತ್ತು 10, ಅಂದರೆ 150 ಚೌಕಗಳು. ಇಷ್ಟು ಇಕ್ಕಟ್ಟಿನಲ್ಲಿ ಹತ್ತಾರು ಮಂದಿ ಯೋಧರನ್ನು ಒಬ್ಬರಿಂದೊಬ್ಬರನ್ನು ಬೇರ್ಪಡಿಸಿ ತೋರಿಸಬೇಕು. ಜಪಾನಿನ ಅನಿಮೆ ಚಿತ್ರಶೈಲಿಯ ದೊಡ್ಡ ಕಣ್ಣು, ಚೂಪಾದ ಗಲ್ಲ, ಲೋಕದಲ್ಲಿ ಎಲ್ಲಿಯೂ ಕಾಣದ ಬಣ್ಣದ ಕೂದಲು ಇವು ಕೆಲವರಿಗೆ ಬರಿಯ ಸೊಗಸುಗಾರಿಕೆಯಾಗಿ ತೋರಬಹುದು. ಇಲ್ಲಿ ಅವು ಗುರುತಿನ ಚಿಹ್ನೆಗಳ ಕೆಲಸವನ್ನೂ ಮಾಡುತ್ತವೆ. ಎಲಿವುಡ್ಡನ ಕೆಂಪು ಕೂದಲೂ ಹೆಕ್ಟರನ ನೀಲಿ ಕೂದಲೂ ಕೆಲವೇ ಚುಕ್ಕೆಗಳಲ್ಲಿ ಮಾತನಾಡಬಲ್ಲವು. ಕತ್ತಿ ಬೀಸುವ ಲಿನ್ ಎಂಬಾಕೆಯ ಚಲನೆಯನ್ನು ಕೆಲವೇ ಚಿತ್ರಗಳಿಂದ ಸಾಧಿಸಿರುವ ರೀತಿ ಈಗಲೂ ನೋಡತಕ್ಕದ್ದೇ.

ಇನ್ನು ಸಂಖ್ಯೆಗೆ ಬರೋಣ. ಯೋಧನು ಏಟು ಕೊಡುವ ಮುನ್ನ ಆ ಏಟು ತಗಲುವ ಸಂಭವ ಶೇಕಡಾ ಎಷ್ಟೆಂದು ತೆರೆಯು ತಿಳಿಸುತ್ತದೆ. ಇದು ಮನಬಂದಂತೆ ಬರೆದ ಸಂಖ್ಯೆಯಲ್ಲ. ಕೂಡುಕಳೆಯುವ ಲೆಕ್ಕದಿಂದ ದೊರೆಯುವಂಥದು. ಆಯುಧದ ನಿಖರತೆಗೆ ಯೋಧನ ಕೌಶಲದ ಎರಡರಷ್ಟನ್ನೂ ಅದೃಷ್ಟಾಂಕದ ಅರ್ಧವನ್ನೂ ಕೂಡಿಸಬೇಕು. ಆಯುಧಗಳ ಮೇಲುಗೈಯಿದ್ದರೆ 15 ಸೇರಿಸಬೇಕು, ಕೆಳಗೈಯಾದರೆ 15 ಕಳೆಯಬೇಕು. ಬಂದುದರಿಂದ ಎದುರಾಳಿಯ ವೇಗದ ಎರಡರಷ್ಟನ್ನೂ ಅವನ ಅದೃಷ್ಟಾಂಕವನ್ನೂ ಕಳೆಯಬೇಕು. ಅವನು ಕಾಡಿನಲ್ಲಿ ನಿಂತಿದ್ದರೆ ಇನ್ನೂ 20 ಕಳೆಯಬೇಕು.

ಒಂದು ಉದಾಹರಣೆ. ನಮ್ಮ ಕತ್ತಿಯಾಳಿನ ವೇಗ 9, ಅದೃಷ್ಟ 5 ಎಂದಿರಲಿ. ಕೌಶಲ 5, ಅದೃಷ್ಟ 4 ಉಳ್ಳ ವೈರಿಯು ಕಬ್ಬಿಣದ ಕೊಡಲಿಯನ್ನು ಎತ್ತಿ ಬರುತ್ತಾನೆ. ಆ ಕೊಡಲಿಯ ನಿಖರತೆ 75. ಅದಕ್ಕೆ 10ನ್ನೂ 2ನ್ನೂ ಸೇರಿಸಿದರೆ 87. ಕೊಡಲಿಯು ಕತ್ತಿಗೆ ಸೋಲುವುದರಿಂದ 15 ಹೋಗಿ 72. ನಮ್ಮವನ ನುಣುಚುವಿಕೆ 18 ಮತ್ತು 5, ಒಟ್ಟು 23. ಉಳಿದುದು 49. ನಮ್ಮವನನ್ನು ಪಕ್ಕದ ಕಾಡಿಗೆ ಸರಿಸಿದರೆ 29. ಇಷ್ಟನ್ನು ತೆರೆಯು ಹೇಳುತ್ತದೆ.

ಆದರೆ ಏಟು ತಗಲಿತೋ ಇಲ್ಲವೋ ಎಂಬುದನ್ನು ತೀರ್ಮಾನಿಸುವವರು ಯಾರು? ಯಂತ್ರದ ಹೊಟ್ಟೆಯಲ್ಲಿ ದಾಳವಿಲ್ಲ. ಅಲ್ಲಿರುವುದು ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆಯನ್ನು ಹುಟ್ಟಿಸುವ ಸೂತ್ರ. ಇದರ ಬಗೆಯನ್ನು ತಿಳಿಯಲು ಆಟದ್ದಲ್ಲದ ಒಂದು ಸುಲಭ ಸೂತ್ರವನ್ನು ನೋಡೋಣ: ಕೈಯಲ್ಲಿರುವ ಸಂಖ್ಯೆಯನ್ನು 5ರಿಂದ ಗುಣಿಸಿ, 3ನ್ನು ಕೂಡಿಸಿ, 16ರಿಂದ ಭಾಗಿಸಿ, ಶೇಷವನ್ನು ಇಟ್ಟುಕೊಳ್ಳಿರಿ. 1ರಿಂದ ಹೊರಟರೆ 8, 11, 10, 5, 12, 15 ಎಂದು ಮುಂದುವರಿದು, 0ಯಿಂದ 15ರವರೆಗಿನ ಎಲ್ಲ ಸಂಖ್ಯೆಗಳೂ ಒಂದೊಂದು ಸಲ ಬಂದು, ಹದಿನಾರನೆಯ ಹೆಜ್ಜೆಗೆ ಮತ್ತೆ 1 ಬರುತ್ತದೆ. ಸೂತ್ರವನ್ನು ಅರಿಯದವನಿಗೆ ಇದು ಗೊತ್ತುಗುರಿಯಿಲ್ಲದ ಸಾಲು. ಅರಿತವನಿಗೆ ಪ್ರತಿಯೊಂದು ಹೆಜ್ಜೆಯೂ ಮೊದಲೇ ನಿಶ್ಚಿತ. ಆಟದಲ್ಲಿರುವ ಸೂತ್ರವು ಇದಕ್ಕಿಂತ ಜಟಿಲವಾದರೂ ಸ್ವಭಾವ ಇದೇ. ಆದುದರಿಂದಲೇ ಕಾಳಗದ ನಡುವೆ ಆಟವನ್ನು ನಿಲ್ಲಿಸಿ, ಮತ್ತೆ ತೆರೆದು, ಅದೇ ನಡೆಗಳನ್ನು ಅದೇ ಕ್ರಮದಲ್ಲಿ ನಡೆಸಿದರೆ ತಪ್ಪಿದ ಏಟು ಪುನಃ ತಪ್ಪುತ್ತದೆ!

ಹೀಗೆ 0ಯಿಂದ 99ರವರೆಗಿನ ಒಂದು ಸಂಖ್ಯೆಯನ್ನು ಪಡೆದು, ಅದು ತೆರೆಯ ಸಂಖ್ಯೆಗಿಂತ ಕಡಿಮೆಯಿದ್ದರೆ ಏಟು ತಗಲಿತು ಎನ್ನುವುದು ನೇರವಾದ ಮಾರ್ಗ. ಮಾಲೆಯ ಮೊದಲ ಆಟಗಳು, 1999ರವರೆಗೂ, ಹಾಗೆಯೇ ನಡೆದುಕೊಂಡುವು. 2002ರ ಆರನೆಯ ಆಟದಿಂದ ಒಂದು ಮಾರ್ಪಾಟು ಬಂದಿತು; ನಮ್ಮ ಏಳನೆಯದರಲ್ಲಿಯೂ ಅದೇ ಇದೆ. ಒಂದಕ್ಕೆ ಬದಲು ಎರಡು ಸಂಖ್ಯೆಗಳನ್ನು ಪಡೆದು ಅವುಗಳ ಸರಾಸರಿಯನ್ನು ತೆರೆಯ ಸಂಖ್ಯೆಯೊಡನೆ ಹೋಲಿಸುತ್ತಾರೆ. ಇದರಿಂದ ಏನು ವ್ಯತ್ಯಾಸವಾದೀತು ಎಂದು ವಿದ್ಯಾರ್ಥಿಗಳು ಕೇಳಬಹುದು. ವ್ಯತ್ಯಾಸವು ಸಣ್ಣದಲ್ಲ.

ತೆರೆಯ ಮೇಲೆ 90 ಎಂದಿರಲಿ. ಏಟು ತಪ್ಪಬೇಕಾದರೆ ಸರಾಸರಿಯು 90 ಅಥವಾ ಹೆಚ್ಚು, ಅಂದರೆ ಮೊತ್ತವು 180 ಅಥವಾ ಹೆಚ್ಚು ಆಗಬೇಕು. ಮೊದಲ ಸಂಖ್ಯೆ 81 ಆದರೆ ಎರಡನೆಯದು 99 ಆಗಲೇಬೇಕು: ಒಂದು ದಾರಿ. ಮೊದಲನೆಯದು 82 ಆದರೆ ಎರಡು ದಾರಿ. ಹೀಗೆಯೇ ಏರಿ, ಮೊದಲನೆಯದು 99 ಆದರೆ ಹತ್ತೊಂಬತ್ತು ದಾರಿ. 1ರಿಂದ 19ರವರೆಗೆ ಕೂಡಿದರೆ 190. ಸಾಧ್ಯವಿರುವ ಜೋಡಿಗಳು ಒಟ್ಟು 10,000. ಆದುದರಿಂದ ಏಟು ತಪ್ಪುವ ಸಂಭವ ಶೇಕಡಾ 10 ಅಲ್ಲ, 1.9 ಮಾತ್ರ! ತೆರೆಯು 90 ಎಂದಾಗ ನಿಜವು 98.1. ರೇಖಾಪತ್ರದ ಮೇಲೆ ನೂರು ಮನೆ ಬಾಹುವಿನ ಒಂದು ಚೌಕವನ್ನು ಎಳೆದು, ಮೊತ್ತವು 180 ಆಗುವ ಬಿಂದುಗಳನ್ನು ಸೇರಿಸಿದರೆ, ಮೂಲೆಯಲ್ಲಿ ಕತ್ತರಿಸಿಹೋಗುವ ತ್ರಿಕೋಣವು ಎಷ್ಟು ಚಿಕ್ಕದೆಂಬುದು ಕಣ್ಣಿಗೇ ಕಾಣುತ್ತದೆ. ಇದೇ ಲೆಕ್ಕದಿಂದ 75 ಎಂದರೆ ನಿಜವಾಗಿ 87.75, 50 ಎಂದರೆ 50.5, 10 ಎಂದರೆ 2.1. ನಡುವೆ ಇರುವುದು ನಡುವೆಯೇ ಉಳಿಯುತ್ತದೆ. ಮೇಲಿನದು ಇನ್ನೂ ಮೇಲಕ್ಕೆ, ಕೆಳಗಿನದು ಇನ್ನೂ ಕೆಳಕ್ಕೆ ಸರಿಯುತ್ತದೆ.

ಈಗ ನಮ್ಮ ಕತ್ತಿಯಾಳಿನ ಬಳಿಗೆ ಹಿಂದಿರುಗೋಣ. ಬಯಲಿನಲ್ಲಿದ್ದಾಗ ತೆರೆಯ 49ರ ನಿಜಬೆಲೆ 48.5. ಕಾಡಿನಲ್ಲಿದ್ದಾಗ 29ರ ನಿಜಬೆಲೆ 17.1. ತೆರೆಯ ಪ್ರಕಾರ ಕಾಡು ಉಳಿಸಿದುದು 20. ವಾಸ್ತವದಲ್ಲಿ 31ಕ್ಕೂ ಮಿಕ್ಕು. ಇಲ್ಲಿ ಆಟದ ರಚನೆಕಾರರ ಜಾಣ್ಮೆ ಹೊರಬೀಳುತ್ತದೆ. ನಿಯಮವು ಎರಡು ಪಕ್ಷಗಳಿಗೂ ಒಂದೇ. ಆದರೆ ಕಾಡನ್ನು ಹುಡುಕಿ ನಿಲ್ಲುವವನು, ಸರಿಯಾದ ಆಯುಧವನ್ನು ಆರಿಸುವವನು ಸಾಮಾನ್ಯವಾಗಿ ಆಟಗಾರ. ಯೋಚಿಸಿ ನಡೆದವನಿಗೆ ಯೋಚನೆಯ ಫಲವನ್ನು ಹೆಚ್ಚಿಸಿ ಕೊಡುವ ದಾಳವಿದು. ಆದುದರಿಂದ ಇದನ್ನು ಶಕುನಿಯ ದಾಳವೆಂದು ಒಮ್ಮೆಗೇ ತಳ್ಳಿಹಾಕುವುದು ನ್ಯಾಯವಲ್ಲ.

ಆದರೂ ಈ ಮರೆಮಾಚುವಿಕೆ ಏತಕ್ಕೆ? ಇದಕ್ಕೆ ಉತ್ತರವು ಯಂತ್ರದಲ್ಲಿಲ್ಲ, ನಮ್ಮ ಮನಸ್ಸಿನಲ್ಲಿದೆ. ಶೇಕಡಾ 90 ಎಂದೊಡನೆ ನಾವು 'ಖಂಡಿತ' ಎಂದು ಓದಿಕೊಳ್ಳುತ್ತೇವೆ. ಹತ್ತರಲ್ಲಿ ಒಂದು ತಪ್ಪಿದಾಗ ಮೋಸವಾಯಿತೆಂದು ಸಿಡುಕುತ್ತೇವೆ. ಲಾಭದ ಸಂತೋಷಕ್ಕಿಂತ ಅಷ್ಟೇ ನಷ್ಟದ ನೋವು ನಮಗೆ ದೊಡ್ಡದೆಂದು ಡೇನಿಯಲ್ ಕಾಹ್ನೆಮನ್ ಮತ್ತು ಏಮಸ್ ಟ್ವರ್‌ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲಿ ಪ್ರತಿಪಾದಿಸಿದರು. 'ಸಿವಿಲಿಜೇಷನ್' ಆಟಗಳ ಕರ್ತೃ ಸಿಡ್ ಮೈಯರ್ 2010ರಲ್ಲಿ ಆಟರಚನೆಕಾರರ ಸಮ್ಮೇಳನದಲ್ಲಿ ಇಂತಹ ಅನುಭವವನ್ನೇ ವಿವರಿಸಿದರು. ಒಂದಕ್ಕೆ ಮೂರರಷ್ಟು ಬಲವಿದ್ದೂ ಸೋತ ಆಟಗಾರರು ಅದನ್ನು ಒಪ್ಪಲು ಸಿದ್ಧರಿರಲಿಲ್ಲ. ಅದೇ ಬಲಾಬಲದಲ್ಲಿ ತಾವು ದುರ್ಬಲರಾಗಿದ್ದೂ ಗೆದ್ದಾಗ ಮಾತ್ರ ಯಾರೂ ದೂರಲಿಲ್ಲ! ಕೊನೆಗೆ ಲೆಕ್ಕವನ್ನೇ ಆಟಗಾರರ ಮನಸ್ಸಿಗೆ ಹೊಂದಿಸಬೇಕಾಯಿತು.

ನಮ್ಮ ಆಕ್ಷೇಪಣೆ ಇರುವುದು ಬೇರೊಂದು ಕಡೆ. ಇದೇ ಆಟದಲ್ಲಿ ಮೂರುಪಟ್ಟು ಹಾನಿಮಾಡುವ ಮಾರಕ ಏಟಿನ ಸಂಭವವನ್ನೂ ಶೇಕಡಾ ಲೆಕ್ಕದಲ್ಲಿ ತೋರಿಸುತ್ತಾರೆ. ಅದನ್ನು ತೀರ್ಮಾನಿಸಲು ಪಡೆಯುವುದು ಒಂದೇ ಸಂಖ್ಯೆ. ಆದುದರಿಂದ ಅಲ್ಲಿ 10 ಎಂದರೆ ನಿಜವಾಗಿಯೂ 10. ಅದರ ಮೇಲ್ಗಡೆಯೇ ಬರೆದ, ಸಾಮಾನ್ಯ ಏಟಿನ 10 ಎಂದರೆ 2.1. ಒಂದೇ ತೆರೆಯಲ್ಲಿ, ಒಂದೇ ಅಳತೆಗೋಲಿನ ಹೆಸರಿನಲ್ಲಿ ಎರಡು ಅಳತೆಗಳು! ವೈರಿಯ ಮಾರಕ ಏಟನ್ನು 'ಬರಿಯ ಹತ್ತು' ಎಂದು ಕಡೆಗಣಿಸಿ ತನ್ನ ನೆಚ್ಚಿನ ಯೋಧನನ್ನು ಕಳೆದುಕೊಂಡ ಬಾಲಕನ ತಪ್ಪೇನು? ಹತ್ತು ಎಂಬುದು ಎಷ್ಟು ಅಪರೂಪವೆಂಬುದನ್ನು ಅವನಿಗೆ ಕಲಿಸಿದುದು ಆಟವೇ ಅಲ್ಲವೆ? ಮಳೆ ಬರುವ ಸಂಭವ ಶೇಕಡಾ 10 ಎಂದು ಹವಾಮಾನ ವರದಿ ಹೇಳಿದ ದಿನ ಅವನು ಕೊಡೆಯನ್ನು ಮನೆಯಲ್ಲಿಟ್ಟು ಹೊರಟರೆ ಅದೂ ಈ ಪಾಠದ ಫಲವೇ ಇರಬಹುದು. ನಾವು ತೀರ್ಪುಗಾರರಾಗಿದ್ದರೆ ದಾಳವನ್ನು ಹಾಗೆಯೇ ಉಳಿಸಿ ತೆರೆಯನ್ನು ತಿದ್ದಿಸುತ್ತಿದ್ದೆವು: 90ರ ಜಾಗದಲ್ಲಿ 98 ಎಂದೇ ಬರೆಯಲಿ. 2015ರ 'ಫೇಟ್ಸ್' ಎಂಬ ಆಟದಲ್ಲಿ 50ಕ್ಕಿಂತ ಕಡಿಮೆಯ ಸಂಖ್ಯೆಗಳನ್ನು ಇದ್ದಂತೆಯೇ ನಡೆಸುವ ಕ್ರಮ ಬಂದಿತು. ಇದರಿಂದ ಸುಳ್ಳು ಅರ್ಧಕ್ಕೆ ಇಳಿಯಿತೆನ್ನಬಹುದು.

ಉಳಿದ ದೋಷಗಳು ಸಣ್ಣವು. ಲಿನ್‌ಳನ್ನು ಮುಂದಿಟ್ಟುಕೊಂಡು ಆಟವನ್ನು ಕಲಿಸುವ ಆರಂಭದ ಭಾಗವು ಕೈಹಿಡಿದು ನಡೆಸುವುದನ್ನು ಬೇಗ ಬಿಡುವುದಿಲ್ಲ; ಚುರುಕಾದವರಿಗೆ ಬೇಸರ ತಂದೀತು. ಯೋಧರ ಬೆಳವಣಿಗೆಯೂ ಸಂಖ್ಯೆಗಳ ಸಾಲಿಗೇ ಸೇರಿದುದರಿಂದ ಒಬ್ಬರ ಕೈಯಲ್ಲಿ ಶೂರನಾದವನು ಇನ್ನೊಬ್ಬರ ಕೈಯಲ್ಲಿ ನಿಷ್ಪ್ರಯೋಜಕನಾಗಬಹುದು. ಇದು ದೋಷವೋ ಗುಣವೋ ನಮಗೆ ನಿರ್ಧರಿಸಲಾಗಿಲ್ಲ. ಮೂಲಯಂತ್ರವು ಈಗ ಅಂಗಡಿಗಳಿಗೆ ಹೊಸದಾಗಿ ಬರುತ್ತಿಲ್ಲವಾದರೂ, 2023ರ ಜೂನ್ ತಿಂಗಳಲ್ಲಿ ನಿಂಟೆಂಡೊ ಸಂಸ್ಥೆಯು ಈ ಆಟವನ್ನು ತನ್ನ ಸ್ವಿಚ್ ಯಂತ್ರದ ಚಂದಾದಾರರಿಗೆ ಒದಗಿಸಿತು. ಆಡಲು ಕುಳಿತವರು ಪಕ್ಕದಲ್ಲಿ ಒಂದು ಹಾಳೆಯನ್ನಿಟ್ಟುಕೊಂಡು, 70ರಿಂದ 80ರೊಳಗೆ ತೋರಿದ ಏಟುಗಳಲ್ಲಿ ತಗಲಿದುವೆಷ್ಟು, ತಪ್ಪಿದುವೆಷ್ಟು ಎಂದು ಗೀಟು ಹಾಕುತ್ತ ಬರಲಿ. ಇನ್ನೂರು ಏಟುಗಳಾಗುವ ಹೊತ್ತಿಗೆ ತಪ್ಪಿದುವು ಐವತ್ತರ ಬಳಿ ಇರುತ್ತವೆಯೋ, ಇಪ್ಪತ್ತೈದರ ಬಳಿ ಇರುತ್ತವೆಯೋ ಎಂಬುದನ್ನು ಅವರೇ ಎಣಿಸಿ ನೋಡಬಹುದು.