ಸಾವಿರ ಕುದುರೆಗೆ ಕಬ್ಬಿನ ಮೇವು

ಚಳಿಗಾಲ ಬಂತೆಂದರೆ ಬೀದರ್ ಜಿಲ್ಲೆಯ ಬೇಮಳಖೇಡ, ಚಿಟಗುಪ್ಪ, ಹುಮನಾಬಾದ್ ಸುತ್ತಿನ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳದೇ ದರ್ಬಾರು. ಒಂದಕ್ಕೆ ಎರಡು ಟ್ರಾಲಿ, ಟ್ರಾಲಿಯಾಚೆಗೂ ಚಾಚಿಕೊಂಡ ಹೊರೆ. ಹಿಂದೆ ಸಿಕ್ಕಿಬಿದ್ದ ಕಾರಿನವನು ಹಾರ್ನ್ ಒತ್ತುತ್ತಾ ಗೊಣಗುತ್ತಾನೆ. ಈಚೆಗೆ ಆ ಗೊಣಗಾಟಕ್ಕೆ ಇನ್ನೊಂದು ಕಾರಣ ಸೇರಿದೆ: ಪೆಟ್ರೋಲಿಗೆ ಎಥನಾಲ್ ಬೆರೆಸಿದ ಮೇಲೆ ಮೈಲೇಜ್ ಬರುತ್ತಿಲ್ಲ. ಮಾತು ಸುಳ್ಳಲ್ಲ. ಆದರೆ ಅದೇ ಎಥನಾಲ್ ಅಮೆರಿಕದ ಒಂದು ಕಾರಿಗೆ 125 ಅಶ್ವಶಕ್ತಿ ಹೆಚ್ಚಿಗೆ ಕೊಟ್ಟಿರುವುದೂ ಸುಳ್ಳಲ್ಲ.

ಆ ಕಾರು 2023ರ ಮಾರ್ಚ್‌ನಲ್ಲಿ ಹೊರಬಂದ ಡಾಡ್ಜ್ ಚಾಲೆಂಜರ್ ಡೀಮನ್ 170. ಅದರದು ಸೂಪರ್‌ಚಾರ್ಜರ್ ಕೂರಿಸಿದ 6.2 ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್. ಶೇ 10ರಷ್ಟು ಎಥನಾಲ್ ಇರುವ ಅಲ್ಲಿನ ಮಾಮೂಲಿ ಪೆಟ್ರೋಲ್ ಹಾಕಿದರೆ 900 ಅಶ್ವಶಕ್ತಿ. ಬಹುಪಾಲು ಎಥನಾಲೇ ಆಗಿರುವ ಇ85 ಹಾಕಿದರೆ 1,025. ನಮ್ಮ ಬೀದಿಯ ಮಾರುತಿ ಸ್ವಿಫ್ಟ್‌ನದು 80ರ ಆಸುಪಾಸು. ಅಮೆರಿಕದಲ್ಲಿ ಎಥನಾಲ್ ತೆಗೆಯುವುದು ಹೆಚ್ಚಾಗಿ ಮೆಕ್ಕೆಜೋಳದಿಂದ, ನಮ್ಮಲ್ಲಿ ಕಬ್ಬಿನಿಂದಲೂ ಧಾನ್ಯದಿಂದಲೂ. ಹುಟ್ಟು ಯಾವುದಾದರೇನು, ಅಣು ಒಂದೇ.

ಡೀಮನ್‌ನಂಥ ಭಾರಿ ಬಲದ ಅಮೆರಿಕನ್ ಕಾರುಗಳಿಗೆ ಮಸಲ್ ಕಾರ್ ಎಂಬ ಹೆಸರಿದೆ. 1964ರ ಪಾಂಟಿಯಾಕ್ ಜಿಟಿಒ ಕಾಲದಿಂದ ಮಸಲ್ ಕಾರ್ ಎಂದರೆ ದೊಡ್ಡ ವಿ8 ಎಂದೇ ನಂಬಿಕೆ. ಡೀಮನ್ 170ರ ನಂತರ ಡಾಡ್ಜ್ ತನ್ನ ಕಾರುಗಳಲ್ಲಿ ಆ ಎಂಜಿನ್ ಕೈಬಿಟ್ಟಿತು. 2024ರಲ್ಲಿ ಚಾರ್ಜರ್ ಎಂಬ ಹೆಸರಿನ, 670 ಅಶ್ವಶಕ್ತಿಯ ವಿದ್ಯುತ್ ಕಾರು ಬಂತು. ಗುಡುಗಿನ ಸದ್ದನ್ನು ಕೃತಕವಾಗಿ ಹೊರಡಿಸುವ ಸಾಧನವನ್ನೂ ಅದಕ್ಕೆ ಜೋಡಿಸಲಾಗಿತ್ತು. ಗಿರಾಕಿಗಳು ಅಷ್ಟಾಗಿ ಒಲಿಯಲಿಲ್ಲ. ಆಮೇಲೆ ಬಂದದ್ದು ಎರಡು ಟರ್ಬೊ ಹೊತ್ತ 3 ಲೀಟರಿನ ಆರು ಸಿಲಿಂಡರ್ ಎಂಜಿನ್, 550 ಅಶ್ವಶಕ್ತಿಯದು. ಮುಂದಿನದು ಆರೋ, ಎಂಟೋ, ಬ್ಯಾಟರಿಯೋ ಎಂದು ಅಭಿಮಾನಿಗಳು ಲೆಕ್ಕ ಹಾಕುತ್ತಲೇ ಇದ್ದಾರೆ. ಆ ಎಂಜಿನ್ ಏನು ಕುಡಿಯುತ್ತದೆ ಎಂಬ ಪ್ರಶ್ನೆಯಲ್ಲಿ ಇದಕ್ಕಿಂತ ಹೆಚ್ಚು ಸ್ವಾರಸ್ಯವಿದೆ.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಎಥನಾಲಿನಲ್ಲಿರುವುದು 21 ಮಾತ್ರ. ಹಾಗಿದ್ದೂ ಬಲ ಹೆಚ್ಚುವುದು ಹೇಗೆ?

ಎಂಜಿನ್‌ಗೆ ಇಂಧನದ ಬರ ಇಲ್ಲ, ಗಾಳಿಯದೇ ಬರ. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೊ ಗಾಳಿ ಬೇಕು. ತನ್ನೊಳಗೇ ಒಂದಿಷ್ಟು ಆಮ್ಲಜನಕ ಇಟ್ಟುಕೊಂಡ ಎಥನಾಲಿಗೆ 9 ಕಿಲೊ ಸಾಕು. ಎಂಜಿನ್ ಒಳಗೆಳೆದುಕೊಂಡ ಅಷ್ಟೇ ಗಾಳಿಗೆ ಒಂದೂವರೆ ಪಟ್ಟಿಗೂ ಹೆಚ್ಚು ಎಥನಾಲ್ ಸುರಿಯಬಹುದು. ಹುಟ್ಟುವ ಶಾಖ ಪೆಟ್ರೋಲಿಗೆ ಸರಿಸಮ, ಕೊಂಚ ಮೇಲೂ ಹೌದು. ಟ್ಯಾಂಕ್ ಬೇಗ ಬರಿದಾಗುತ್ತದೆ, ಅಷ್ಟೇ.

ನಿಜವಾದ ಲಾಭ ಇರುವುದು ತಂಪಿನಲ್ಲಿ. ಕೋವಿಡ್ ಕಾಲದ ಸ್ಯಾನಿಟೈಸರ್ ಅಂಗೈಗೆ ಬಿದ್ದೊಡನೆ ತಣ್ಣಗಾಗುತ್ತಿತ್ತಲ್ಲ, ಸಿಲಿಂಡರಿನಲ್ಲೂ ಆಗುವುದು ಅದೇ. ಆವಿಯಾಗುವಾಗ ಎಥನಾಲ್ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರುತ್ತದೆ. ಟರ್ಬೊ ಒತ್ತಿ ತುಂಬಿದ ಗಾಳಿ ಬಿಸಿಯೇರಿದಾಗ, ಪ್ಲಗ್ ಹಚ್ಚಿದ ಉರಿ ಹರಡಿ ಬರುವ ಮೊದಲೇ ಮೂಲೆಯಲ್ಲಿದ್ದ ಇಂಧನ ತಾನಾಗಿ ಸಿಡಿಯುವುದುಂಟು. ಮೆಕ್ಯಾನಿಕ್‌ಗಳು ಟಕಟಕ ಸದ್ದಿನಿಂದಲೇ ಗುರುತಿಸುವ ನಾಕಿಂಗ್ ಇದು; ಅತಿಯಾದರೆ ಪಿಸ್ಟನ್ ತೂತು ಬೀಳುತ್ತದೆ. ಬಿಎಸ್6 ಮಾನದಂಡದಲ್ಲಿ ಸಾದಾ ಪೆಟ್ರೋಲಿನ ಆಕ್ಟೇನ್ ಅಂಕ (ನಾಕಿಂಗ್ ತಡೆಯುವ ಗುಣದ ಅಳತೆ) 91, ಎಥನಾಲಿನದು 108ರ ಹತ್ತಿರ. ಅದು ಅಷ್ಟು ಸುಲಭಕ್ಕೆ ಸಿಡಿಯದು. ಆದ್ದರಿಂದ ಗಾಳಿಯನ್ನು ಇನ್ನೂ ಗಟ್ಟಿಯಾಗಿ ತುರುಕಬಹುದು, ಕಂಪ್ರೆಷನ್ ಏರಿಸಬಹುದು.

ಮೈಲೇಜ್ ತಕರಾರಿನ ಗುಟ್ಟೂ ಇಲ್ಲೇ ಇದೆ. ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲಿ. ಆದರೆ ರಸ್ತೆಯ ಮೇಲಿನ ಹಳೆಯ ಕಾರುಗಳ ಕಂಪ್ರೆಷನ್ ಪೆಟ್ರೋಲಿಗೆಂದೇ ಗೊತ್ತುಮಾಡಿದ್ದು. ಅವಕ್ಕೆ ಆಕ್ಟೇನಿನ ಲಾಭ ದಕ್ಕುವುದಿಲ್ಲ, ಶಕ್ತಿ ಕಡಿಮೆಯಾದ ನಷ್ಟ ಮಾತ್ರ ತಪ್ಪದು. ಅಂಥ ಕಾರುಗಳಲ್ಲಿ ಇಂಧನ ದಕ್ಷತೆ ಶೇ 6–7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು.

ಹಾಗಾದರೆ ಮುಂದಿನ ಎಂಜಿನ್? ಊಹೆಗೆ ಆಧಾರಗಳು ಕಣ್ಣಮುಂದಿವೆ. ಸ್ವೀಡನ್ನಿನ ಕೊನಿಗ್‌ಸೆಗ್ ಜೆಸ್ಕೊ ಪೆಟ್ರೋಲಿನಲ್ಲಿ 1,280, ಇ85ರಲ್ಲಿ 1,600 ಅಶ್ವಶಕ್ತಿ ಕೊಡುತ್ತದೆ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ 2023ರ ಆಗಸ್ಟ್‌ನಲ್ಲಿ ತೋರಿಸಿದ ಇನ್ನೋವಾ ಹೈಕ್ರಾಸ್ ಮಾದರಿಯಲ್ಲಿ ಎಥನಾಲ್ ಎಂಜಿನ್ನೂ ವಿದ್ಯುತ್ ಮೋಟರೂ ಜೊತೆಗಿದ್ದವು. ಅದು ಮನೆಮಂದಿಯನ್ನೆಲ್ಲ ಹೊರುವ ಗಾಡಿ, ಮಸಲ್ ಕಾರಲ್ಲ, ನಿಜ. ಆದರೆ ಆರು ಸಿಲಿಂಡರ್, ಎರಡು ಟರ್ಬೊ, ಟರ್ಬೊ ತಡವರಿಸುವ ಗಳಿಗೆಯಲ್ಲಿ ತಳ್ಳಲೊಂದು ಮೋಟರ್, ಎಥನಾಲ್ ಪ್ರಮಾಣ ಅಳೆದು ಬಲ ಹೊಂದಿಸುವ ಸೆನ್ಸರ್ – ಇವೆಲ್ಲ ಒಂದೇ ಬಾನೆಟ್ ಅಡಿ ಸೇರಿದರೆ ವಿ8 ಇಲ್ಲವೆಂಬ ಕೊರಗು ಸದ್ದಿಗಷ್ಟೇ ಉಳಿದೀತು.

ತೊಡಕುಗಳೂ ಇವೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಹಾಳುಮಾಡುತ್ತದೆ, ಚಳಿಯಲ್ಲಿ ಬೇಗ ಸ್ಟಾರ್ಟ್ ಆಗದು. ಬ್ರೆಜಿಲ್‌ನವರು ಇದಕ್ಕೆಂದೇ ಬಾನೆಟ್ ಅಡಿ ಪುಟ್ಟ ಪೆಟ್ರೋಲ್ ಟ್ಯಾಂಕ್ ಇಡುತ್ತಿದ್ದರು. ಟಿವಿಎಸ್ 2019ರಲ್ಲಿ ಕರ್ನಾಟಕಕ್ಕೂ ತಂದ ಎಥನಾಲ್ ಅಪಾಚೆ ಬೈಕಿಗೆ ಇಂಧನ ಹಾಕಿಸಲು ಆಗ ಬಂಕೇ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡದು ನೀರಿನ ಲೆಕ್ಕ. ಒಂದು ಟನ್ ಕಬ್ಬಿನಿಂದ ಸಿಗುವ ಎಥನಾಲ್ ಸುಮಾರು 70 ಲೀಟರ್, ಅಂದರೆ ಚಾಲೆಂಜರಿನ ಒಂದು ಟ್ಯಾಂಕ್. ಲೀಟರಿಗೆ 2,860 ಲೀಟರ್ ನೀರು ಎನ್ನುತ್ತದೆ ಅದೇ ನೀತಿ ಆಯೋಗದ ವರದಿ. ಒಂದು ಟ್ಯಾಂಕಿಗೆ ಎರಡು ಲಕ್ಷ ಲೀಟರ್! ಬೋರ್‌ವೆಲ್ ನಂಬಿ ಕಬ್ಬು ನೆಟ್ಟ ಬೀದರ್ ಸೀಮೆಯ ರೈತನಿಗೆ ಈ ಅಂಕಿಯನ್ನು ಬಿಡಿಸಿ ಹೇಳಬೇಕಿಲ್ಲ.

ನೀರು ಕಡಿಮೆ ಬೇಡುವ ಬೆಳೆಯನ್ನು ಹುಡುಕಿದವರೂ ಹತ್ತಿರದಲ್ಲೇ ಇದ್ದಾರೆ. ಹುಮನಾಬಾದ್ ದಾಟಿ ಹೆದ್ದಾರಿಯಲ್ಲಿ ಹೈದರಾಬಾದ್ ಕಡೆ ಸಾಗಿದರೆ ಸಿಗುವ ಪಟಾನ್‌ಚೆರುವಿನಲ್ಲಿ ಇಕ್ರಿಸಾಟ್ ಸಂಶೋಧನಾ ಕೇಂದ್ರವಿದೆ. ಅಲ್ಲಿನ ವಿಜ್ಞಾನಿಗಳು ಬೆಳೆಸಿದ ಸಿಹಿಜೋಳದ ದಂಟಿನಲ್ಲಿ ಕಬ್ಬಿನಂತೆ ರಸವಿದೆ, ತೆನೆ ರೊಟ್ಟಿಗೆ ಉಳಿಯುತ್ತದೆ, ನೀರೂ ಕಬ್ಬಿಗಿಂತ ಎಷ್ಟೋ ಕಡಿಮೆ ಸಾಕು. ಆದರೆ ದಂಟು ಕೊಯ್ದ ಮೇಲೆ ಬೇಗ ಅರೆಯದಿದ್ದರೆ ಸಕ್ಕರೆ ಇಳಿಯುತ್ತದೆ, ಸುಗ್ಗಿಯೂ ಕೆಲವೇ ವಾರಗಳದ್ದು. ಹೀಗಾಗಿ ಊರಲ್ಲೇ ರಸ ಹಿಂಡಿ, ಪಾಕ ಕಾಸಿ, ಡಿಸ್ಟಿಲರಿಗೆ ಸಾಗಿಸುವ ಸಣ್ಣ ಘಟಕವನ್ನೂ ಅವರು ಆಗಿನ ಮೇದಕ್ ಜಿಲ್ಲೆಯಲ್ಲಿ ನಡೆಸಿ ನೋಡಿದ್ದಾರೆ.